ಒಂದೇ ಬೆಂಚು, ಮೂರು ರಿಪೇರಿ: ಸ್ಟೇನ್ ಕೆಟ್ಟಾಗ ಯಾವುದು ಕೈಹಿಡಿಯಿತು?

ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ತಂದು ಜಗಲಿಗೆ ಒಂದು ಬೆಂಚು ಮಾಡಿದೆ. ಕೊಯ್ದಿದ್ದು, ಜೋಡಿಸಿದ್ದು ಎಲ್ಲ ಚೆನ್ನಾಗೇ ಆಯಿತು. ಕೊನೆಗೆ ವಾಲ್‌ನಟ್ ಬಣ್ಣದ ಸ್ಟೇನ್ (ಮರದೊಳಗೆ ಇಳಿದು ಬಣ್ಣ ಕೊಡುವ ದ್ರವ) ಹಚ್ಚಿದ್ದೇ ತಡ, ಬೆಂಚಿಗೆ ಚಿರತೆಯ ಮೈ ಬಂತು. ಒಂದು ಕಡೆ ಡಿಕಾಕ್ಷನ್, ಪಕ್ಕದಲ್ಲೇ ಹಾಲು ಜಾಸ್ತಿಯಾದ ಟೀ. ಸಾಲದ್ದಕ್ಕೆ ಜೋಡಣೆಗಳ ಹತ್ತಿರ ಬಿಳಿ ಕಲೆಗಳು.

ಪೈನ್ ಇರುವುದೇ ಹಾಗೆ. ಮೆದು ಭಾಗ ಬಣ್ಣವನ್ನು ಗಟಗಟ ಕುಡಿಯುತ್ತದೆ, ರಾಳ ತುಂಬಿದ ಗಟ್ಟಿ ಗೆರೆ ಕುಡಿಯುವುದಿಲ್ಲ. ಬಿಳಿ ಕಲೆ ಮಾತ್ರ ನನ್ನ ಕೈಚಳಕ. ಬಿಗಿದಾಗ ಹೊರಗೆ ಉಕ್ಕಿದ ಫೆವಿಕಾಲನ್ನು ಬೆರಳಲ್ಲಿ ಸವರಿಬಿಟ್ಟಿದ್ದೆ. ಅಂಟು ಕುಡಿದ ಮರ ಬಣ್ಣ ಕುಡಿಯುತ್ತಾ?

ಒಬ್ಬೊಬ್ಬರು ಒಂದೊಂದು ಉಪಾಯ ಹೇಳಿದರು. ಸರಿ, ಕೂರುವ ಹಲಗೆಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಮೂರು ಪಾಲು ಮಾಡಿದೆ.

ಮೊದಲ ಪಾಲಿಗೆ ಟರ್ಪೆಂಟೈನ್. ಬಟ್ಟೆ ಅದ್ದಿ ಇಪ್ಪತ್ತು ನಿಮಿಷ ಉಜ್ಜಿದೆ. ಕಪ್ಪಾದ ಜಾಗ ಸ್ವಲ್ಪ ತಿಳಿಯಾಯಿತು, ತಿಳಿ ಜಾಗ ಇನ್ನೂ ತಿಳಿಯಾಯಿತು. ಚಿರತೆ ಚಿರತೆಯಾಗೇ ಉಳಿಯಿತು. ಇನ್ನು ಬೆಂಚಿನ ಒಂದು ಕಾಲಿನಲ್ಲಿ ಒರೆಸಲು ಮರೆತ ಸ್ಟೇನ್ ಎರಡು ದಿನವಾದರೂ ಕೈಗೆ ಅಂಟುತ್ತಿತ್ತು. ಅದರ ಮೇಲೆ ಹೊಸ ಸ್ಟೇನ್ ಹಚ್ಚಿ, ಎರಡು ನಿಮಿಷ ಬಿಟ್ಟು ಒಣಬಟ್ಟೆಯಲ್ಲಿ ಒರೆಸಿದರೆ ಹಳೆಯ ಜಿಗುಟು ಕರಗಿ ಬಂತು. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಸ್ಟೇನ್ ಹೀರಿದ ಬಟ್ಟೆ ತಾನಾಗೇ ಬಿಸಿಯಾಗಿ ಬೆಂಕಿ ಹಿಡಿಯುವುದುಂಟು. ಹೊರಗೆ ಬಿಡಿಸಿ ಹರವಿ.

ಎರಡನೆಯ ಪಾಲಿಗೆ ಉಪ್ಪುಕಾಗದ. ಮೊದಲು ಒರಟಾದ 80 ನಂಬರಿನದು, ಆಮೇಲೆ 120, ಕೊನೆಗೆ ನಯವಾದ 150. ಭುಜ ಬಿದ್ದುಹೋಯಿತು, ಮೂಗಿನ ತುಂಬ ಕಂದು ಧೂಳು. ಬೆಳ್ಳಗಾದ ಮರ ನೋಡಿ ಖುಷಿಯಿಂದ ಮತ್ತೆ ಸ್ಟೇನ್ ಹಚ್ಚಿದೆ. ಅದೇ ಚಿರತೆ, ಅದೇ ಜಾಗದಲ್ಲಿ! ಅಳು ಬರುವುದೊಂದು ಬಾಕಿ.

ಪಕ್ಕದ ಬೀದಿಯ ಆಚಾರ್ರು ಬಂದು ನೋಡಿದರು. "ಮರದ ಬಾಯಿ ಮುಚ್ಚದೆ ಬಣ್ಣ ಕೊಟ್ರೆ ಇನ್ನೇನಾಗುತ್ತೆ ಸಾರ್?" ಅಂದರು.

"ಬಾಯಿ ಮುಚ್ಚೋದು ಹೇಗೆ ಆಚಾರ್ರೇ?"

"ಅರಗಿನ ಪಾಲಿಶ್ ಇದ್ಯಲ್ಲ, ಅದಕ್ಕೆ ಅಷ್ಟೇ ಸ್ಪಿರಿಟ್ ಸೇರಿಸಿ ಒಂದು ಕೈ ಎಳೀರಿ. ಮೇಲೆ ಪಿಯು, ಅಂದ್ರೆ ಪಾಲಿಯುರೆಥೇನ್ ವಾರ್ನಿಶ್, ಹೊಡೆಯೋದಾದ್ರೆ ಮೇಣ ತೆಗೆದ ಅರಗೇ ತನ್ನಿ. ಇಲ್ಲಾಂದ್ರೆ ಹಿಡಿಯಲ್ಲ."

ಮತ್ತೆ ಉಜ್ಜಿದೆ. ಈ ಸಲ ಅಂಟಿನ ಕಲೆಗಳನ್ನು ಉಳಿಯ ಬಾಯಿಂದ ಹೆರೆದೆ. ಅಂಟು ತೆಗೆಯದೆ ಅದಕ್ಕೆ ಬೇರೆ ಮದ್ದಿಲ್ಲ. ಎಲ್ಲಿ ಉಳಿದಿದೆ ಅಂತ ನೋಡಲು ಹಲಗೆಯನ್ನು ಟರ್ಪೆಂಟೈನಿನಲ್ಲಿ ಒದ್ದೆ ಮಾಡಿ. ಮರ ಕಪ್ಪಾಗುತ್ತದೆ, ಅಂಟು ತಿಳಿಯಾಗಿ ಎದ್ದು ಕಾಣುತ್ತದೆ. ಆಮೇಲೆ ತೆಳು ಅರಗು, ಒಣಗಿದ ಮೇಲೆ 220ರಲ್ಲಿ ಹಗುರಾಗಿ ಒಂದು ಸವರು, ಸ್ಟೇನ್. ಬಣ್ಣ ಒಂದು ಮೆಟ್ಟಿಲು ತಿಳಿಯಾಯಿತು, ಆದರೆ ಒಂದೇ ಸಮ ಬಂತು. ಮರದ ಗೆರೆಗಳೂ ಚೆನ್ನಾಗಿ ಕಂಡವು.

ಮೂರನೆಯ ಪಾಲಿನಲ್ಲಿ ಉಜ್ಜುವ ಕೆಲಸವೇ ಇಲ್ಲ. ಸ್ಪಿರಿಟ್‌ನಲ್ಲಿ ಕರಗುವ ಕಂದು ಬಣ್ಣದ ಪುಡಿಯನ್ನು ಅದೇ ಅರಗಿನ ಪಾಲಿಶ್‌ಗೆ ಚಿಟಿಕೆಯಷ್ಟು ಬೆರೆಸಿ, ತಿಳಿ ಜಾಗಗಳಿಗೆ ಬಟ್ಟೆಯಲ್ಲಿ ಎಳೆದೆ. ಮೂರು ಕೈ ಆಗುವಷ್ಟರಲ್ಲಿ ಕಲೆ ಮರೆಯಾಯಿತು. ಎಲ್ಲ ಸೇರಿ ಅರ್ಧ ದಿನವೂ ಇಲ್ಲ. ನಿಜ ಹೇಳಬೇಕೆಂದರೆ ಆ ಸಂಜೆ ಮೂರರಲ್ಲಿ ಚೆಂದ ಕಂಡಿದ್ದು ಇದೇ. ಗೆರೆ ಮಾತ್ರ ಸ್ವಲ್ಪ ಮಂಕು.

ವಾರ ಕಳೆಯಲಿಲ್ಲ, ಮಗಳು ಸ್ಕೂಲ್ ಬ್ಯಾಗ್ ಎಳೆದಳು. ಬಕಲ್ ತಾಗಿ ಗೀರು ಬಿತ್ತು, ಕೆಳಗಿದ್ದ ತಿಳಿ ಬಣ್ಣ ಇಣುಕಿತು. ಇಲ್ಲಿ ಬಣ್ಣ ಮರದೊಳಗೆ ಇಳಿದಿರುವುದಿಲ್ಲ, ಮೇಲಿನ ಪದರದಲ್ಲಿ ಕೂತಿರುತ್ತದೆ ಅಷ್ಟೇ. ಮೇಲೆ ಪಿಯು ಹೊಡೆದರೆ ತಡೆಯುತ್ತದೆ, ಆದರೆ ಆಳವಾಗಿ ಗೀರಿದರೆ ಮತ್ತೆ ಅದೇ ಕಥೆ.

ಹಾಗಾಗಿ ಕೂರುವ ಹಲಗೆಯನ್ನು ಪೂರ್ತಿ ಉಜ್ಜಿ, ಅರಗು ಎಳೆದು ಸ್ಟೇನ್ ಹಚ್ಚಿದೆ. ಎರಡು ಭಾನುವಾರ ಹೋಯಿತು. ಯಾರೂ ಮುಟ್ಟದ ಕಾಲುಗಳಿಗೆ ಬಣ್ಣದ ಪಾಲಿಶ್ ಸಾಕಾಯಿತು. ಮುಂದಿನ ಸರದಿ ವೆನೀರ್ ಪ್ಲೈವುಡ್‌ನ ಚಪ್ಪಲಿ ಸ್ಟ್ಯಾಂಡ್‌ದು. ವೆನೀರ್ ಅಂದರೆ ಮೇಲೆ ಅಂಟಿಸಿದ ತೆಳು ಮರದ ಪದರ, ಅರ್ಧ ಮಿಲಿಮೀಟರ್ ಆಸುಪಾಸು. ಅಲ್ಲಿ 80ರ ಉಪ್ಪುಕಾಗದ ಹಿಡಿದರೆ ಬಣ್ಣದ ಜೊತೆ ವೆನೀರೂ ಹೋಗುತ್ತದೆ. ಅದಕ್ಕೇ ಮಿಕ್ಕಿದ ಬಣ್ಣದ ಪುಡಿಯನ್ನು ಡಬ್ಬಿಯಲ್ಲಿ ಹಾಕಿ ಎತ್ತಿಟ್ಟಿದ್ದೇನೆ.