ಹದ್ದಿನ ಆರೈಕೆಗೆ ಬೇಕಾದ ಸಾಮಾನು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಗಾಯಗೊಂಡ ಹದ್ದು, ಗರುಡ, ಗೂಬೆಗಳ ಆರೈಕೆ ಕೇಂದ್ರಕ್ಕೆ ಸ್ವಯಂಸೇವಕರಾಗಿ ಸೇರುವವರು ಮೊದಲು ಕೊಳ್ಳುವುದು ದಪ್ಪ ಚರ್ಮದ ಕೈಗವಸು. ನಿಜ ಹೇಳಬೇಕೆಂದರೆ ಸಾಮಾನಿನ ಪಟ್ಟಿಯಲ್ಲಿ ಅದರ ಜಾಗ ಬಹಳ ಕೆಳಗೆ. ಬದುಕುಳಿದ ಹಕ್ಕಿಯೂ ಮತ್ತೆ ಆಕಾಶ ಕಾಣದೆ ಉಳಿದುಬಿಡುವುದು ಎಷ್ಟೋ ಸಲ ಈ ಎರಡು ಕಾರಣಕ್ಕೆ: ಆರೈಕೆಯ ಅವಧಿಯಲ್ಲೇ ಗರಿ ಮುರಿದುಕೊಳ್ಳುವುದು, ಇಲ್ಲವೇ ಅಂಗಾಲಿಗೆ ಹುಣ್ಣಾಗುವುದು. ಆದ್ದರಿಂದ ಇಲ್ಲಿ ಪ್ರತಿ ವಸ್ತುವನ್ನೂ ಗರಿ ಮತ್ತು ಪಾದದ ಕಡೆಯಿಂದ ನೋಡಿ ತೂಗಿದ್ದೇವೆ.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಎರಡು ಸುಗ್ಗಿ. ಜನವರಿಯಿಂದ ಏಪ್ರಿಲ್‌ವರೆಗೆ ಗೂಡಿನಿಂದ ಬಿದ್ದ ಮರಿಗಳು. ಆಷಾಢದ ಗಾಳಿಗೆ ಗಾಳಿಪಟ ಏರಿದಾಗ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ದೊಡ್ಡ ಹದ್ದುಗಳು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ದಾರ ಮಾತ್ರ ಇನ್ನೂ ಮರಗಳಲ್ಲಿ ನೇತಾಡುತ್ತಿದೆ.

ಮೊದಲ ಸ್ಥಾನ ರಟ್ಟಿನ ಪೆಟ್ಟಿಗೆಗೆ. ದಿನಸಿ ಅಂಗಡಿಯಲ್ಲಿ ಬಿಟ್ಟಿಯಾಗಿ ಸಿಗುತ್ತದೆ, ಸಾವಿರಾರು ರೂಪಾಯಿಯ ತಂತಿಪಂಜರಕ್ಕಿಂತ ನೂರು ಪಾಲು ಮೇಲು. ತಂತಿಯ ಮೇಲೆ ಹದ್ದು ರೆಕ್ಕೆ ಬಡಿದರೆ ಬಾಲ ಮತ್ತು ರೆಕ್ಕೆಯ ತುದಿಗರಿಗಳು ಹತ್ತು ನಿಮಿಷದಲ್ಲಿ ಪೊರಕೆಯಂತಾಗುತ್ತವೆ. ಮುರಿದ ಗರಿ ಹೊಸದಾಗಿ ಬರುವುದು ಮುಂದಿನ ಸಲ ಗರಿ ಉದುರುವ ಕಾಲಕ್ಕೆ, ಅಂದರೆ ತಿಂಗಳುಗಟ್ಟಲೆ ಕಾಯಬೇಕು. ಹಳೆಯ ಗರಿಯನ್ನು ಬಿದಿರ ಕಡ್ಡಿ ಇಟ್ಟು ಬೆಸೆಯುವ ವಿದ್ಯೆಯೇನೋ ಇದೆ. ಆದರೆ ಅದಕ್ಕೆ ಅದೇ ಜಾತಿಯ, ರೆಕ್ಕೆಯ ಅದೇ ಸ್ಥಾನದ ಗರಿಯೇ ಬೇಕು. ಹದ್ದಿಗೆ ಸುಮಾರು 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಪೆಟ್ಟಿಗೆ ಸಾಕು: ನಿಲ್ಲಲು ಜಾಗವಿರಬೇಕು, ರೆಕ್ಕೆ ಬಿಚ್ಚಲು ಇರಬಾರದು. ಗಾಳಿಯ ತೂತುಗಳನ್ನು ಬದಿಗಳ ಕೆಳಭಾಗದಲ್ಲಿ ಮಾಡಿ, ಹಕ್ಕಿಯನ್ನು ಒಳಗಿಡುವ ಮೊದಲೇ ಮಾಡಿ. ಮೇಲೆ ತೂತಿದ್ದರೆ ಬೆಳಕು ಕಂಡ ಕಡೆಗೇ ಅದು ಚಿಮ್ಮುತ್ತದೆ. ತಳಕ್ಕೆ ಹಳೆಯ ಬಟ್ಟೆಯನ್ನು ಅಲುಗದಂತೆ ಹಾಸಿ; ನುಣುಪು ರಟ್ಟಿನ ಮೇಲೆ ಕಾಲು ಜಾರಿ ಹಕ್ಕಿ ಸೋಲುತ್ತದೆ. ಒಣಹುಲ್ಲು ಖಂಡಿತ ಬೇಡ, ಅದರ ಬೂಷ್ಟು ಉಸಿರಿನ ಚೀಲಗಳಿಗೆ ಇಳಿದರೆ ಗುಣಪಡಿಸುವುದು ಬಲು ಕಷ್ಟ. ದಾರಿಯಲ್ಲಿ ನೀರಿನ ಬಟ್ಟಲೂ ಬೇಡ, ಚೆಲ್ಲಿ ಮೈ ನೆನೆಯುತ್ತದೆ. ಒಂದು ಪೆಟ್ಟಿಗೆ ಒಂದೇ ಹಕ್ಕಿಗೆ. ಆಮೇಲೆ ಅದನ್ನು ಎಸೆಯಬೇಕು.

ಎರಡನೆಯದು ಬಟ್ಟೆ. ಎಲ್ಲರೂ ದಾನವಾಗಿ ತರುವುದು ಕುಣಿಕೆ ಕುಣಿಕೆ ನೂಲಿರುವ ಸ್ನಾನದ ಟರ್ಕಿ ಟವೆಲ್. ದಯವಿಟ್ಟು ತರಬೇಡಿ. ಆ ಕುಣಿಕೆಗಳಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಹಕ್ಕಿ ಕಾಲು ಕೀಳುತ್ತದೆ, ನಾವು ಬಟ್ಟೆ ಎಳೆಯುತ್ತೇವೆ, ನಡುವೆ ಬೆರಳು ತಿರುಚಿಕೊಳ್ಳುತ್ತದೆ. ಇದಕ್ಕೆ ಪಾಣಿಪಂಚೆಯಷ್ಟು ಒಳ್ಳೆಯದು ಇನ್ನೊಂದಿಲ್ಲ: ನೇಯ್ಗೆ ಸಾಫು, ಬೇಗ ಒಣಗುತ್ತದೆ, ಕುದಿನೀರಿನಲ್ಲಿ ಒಗೆಯಬಹುದು. ದೊಡ್ಡ ಹಕ್ಕಿಗೆ ಹಳೆಯ ಹತ್ತಿ ಚಾದರ. ತಲೆಯ ಮೇಲಿಂದ ಹೊದಿಸಿ ಕಣ್ಣಿಗೆ ಕತ್ತಲಾಯಿತೆಂದರೆ ಅರ್ಧ ಗಲಾಟೆ ಅಲ್ಲಿಗೇ ಮುಗಿಯುತ್ತದೆ.

ಇನ್ನು ಕೈಗವಸು. ಹಾರ್ಡ್‌ವೇರ್ ಅಂಗಡಿಯ ವೆಲ್ಡಿಂಗ್ ಕೈಗವಸು ಮುಂಗೈ ಮುಚ್ಚುವಷ್ಟು ಉದ್ದವಿದ್ದರೆ ಸಾಕು, ಹೊರದೇಶದ ದುಬಾರಿ ಜೋಡಿ ಬೇಕಿಲ್ಲ. ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ: ತೊಟ್ಟುಕೊಂಡು ಪೆನ್ಸಿಲ್ ಹಿಡಿಯಿರಿ. ಪೆನ್ಸಿಲ್‌ನ ದಪ್ಪ ಬೆರಳಿಗೆ ತಿಳಿಯದಿದ್ದರೆ ಹದ್ದಿನ ಕಾಲೂ ತಿಳಿಯುವುದಿಲ್ಲ, ಅಗತ್ಯಕ್ಕಿಂತ ಬಿಗಿಯಾಗಿ ಹಿಚುಕಿಬಿಡುತ್ತೀರಿ. ಭಯಪಡಬೇಕಾದದ್ದು ಕೊಕ್ಕಿಗಲ್ಲ, ಉಗುರಿಗೆ. ಎರಡೂ ಕಾಲುಗಳನ್ನು ಮೈಗೆ ಹತ್ತಿರದಲ್ಲಿ ಒಟ್ಟಿಗೆ ಹಿಡಿದು, ನಡುವೆ ತೋರುಬೆರಳು ತೂರಿಸಿ, ಇಲ್ಲವಾದರೆ ಮೂಳೆಗೆ ಮೂಳೆ ಉಜ್ಜುತ್ತದೆ. ಉಗುರು ಕೈಯೊಳಗೆ ನಾಟಿಬಿಟ್ಟರೆ ಕಿತ್ತುಕೊಳ್ಳಬೇಡಿ. ಹಕ್ಕಿಯ ಕಾಲನ್ನು ಮೆಲ್ಲನೆ ನೇರ ಮಾಡಿದರೆ ಹಿಡಿತದ ಸ್ನಾಯುರಜ್ಜು ಸಡಿಲವಾಗುತ್ತದೆ, ಆಗ ಹಿಂಬೆರಳನ್ನು ಮೊದಲು ಬಿಡಿಸಿ. ಧನುರ್ವಾಯು ತಡೆಯುವ ಚುಚ್ಚುಮದ್ದು ಹಾಕಿಸಿಕೊಳ್ಳದೆ ಈ ಕೆಲಸಕ್ಕೆ ಇಳಿಯಲೇಬೇಡಿ. ಚರ್ಮದ ದೊಡ್ಡ ದೋಷವೆಂದರೆ ಅದನ್ನು ಚೆನ್ನಾಗಿ ತೊಳೆಯಲಾಗದು; ಒಂದು ಹಕ್ಕಿಯ ಸೋಂಕು ಇನ್ನೊಂದಕ್ಕೆ ದಾಟುತ್ತದೆ. ಸೋಂಕಿನ ಕೋಣೆಗೆ ಬೇರೆ ಜೋಡಿ ಇರಲೇಬೇಕು. ಹಾಲಕ್ಕಿಯಂಥ ಅಂಗೈಯಗಲದ ಗೂಬೆಗೆ ಈ ಕೈಗವಸು ಹಾಕಿ ಕೈಹಚ್ಚುವುದೇ ಅಪಾಯ, ಅದಕ್ಕೆ ಬಟ್ಟೆಯೊಂದೇ ಸಾಕು.

ದುಡ್ಡಿದ್ದರೆ ಅದನ್ನು ಹಾಕಬೇಕಾದದ್ದು ತಕ್ಕಡಿಗೆ. ಅಡುಗೆಮನೆಯ 5 ಕಿಲೋ ಸಾಮರ್ಥ್ಯದ, 1 ಗ್ರಾಂ ನಿಖರತೆಯ ಡಿಜಿಟಲ್ ತಕ್ಕಡಿ ಸಾಲುತ್ತದೆ. ಖಾಲಿ ಪೆಟ್ಟಿಗೆ ಇಟ್ಟು ಸೊನ್ನೆ ಮಾಡಿ, ಆಮೇಲೆ ಹಕ್ಕಿಯನ್ನಿಡಿ. ದಿನವೂ ಅದೇ ಹೊತ್ತಿಗೆ, ಊಟಕ್ಕೆ ಮೊದಲು ತೂಗಬೇಕು. 700 ಗ್ರಾಂ ಇದ್ದ ಹದ್ದು 630ಕ್ಕೆ ಇಳಿಯಿತೆಂದರೆ ವೈದ್ಯರನ್ನು ಆಗಲೇ ಕರೆಯಿರಿ, ನಾಳೆಯವರೆಗೆ ಕಾಯಬೇಡಿ. ಗರಿ ಉಬ್ಬಿಸಿ ಕೂತ ಹಕ್ಕಿ ಕಣ್ಣಿಗೆ ದುಂಡಗೇ ಕಾಣುತ್ತದೆ. ಎದೆಮೂಳೆಯ ಅಂಚು ಚಾಕುವಿನಂತೆ ಕೈಗೆ ಸಿಕ್ಕಾಗ ಮಾತ್ರ ನಿಜ ಗೊತ್ತಾಗುವುದು. ಅಗ್ಗದ ತಕ್ಕಡಿಗಳು ಬ್ಯಾಟರಿ ಇಳಿದಂತೆ ಸುಳ್ಳು ಹೇಳುತ್ತವೆ. ಮುದ್ರೆ ಹಾಕಿದ ಒಂದು ಕಿಲೋ ತೂಕದ ಕಲ್ಲನ್ನು ಪಕ್ಕದಲ್ಲಿಟ್ಟುಕೊಂಡು ವಾರಕ್ಕೊಮ್ಮೆ ತಾಳೆ ನೋಡಿ.

ಕೂರುಗೋಲಿನ ವಿಷಯದಲ್ಲಿ ಉಳಿತಾಯ ಮಾಡಿದ ಕಡೆಯೆಲ್ಲ ಪಾದದ ಹುಣ್ಣು ಬಂದೇ ಬರುತ್ತದೆ. ಬರೀ ಪಿ.ವಿ.ಸಿ. ಕೊಳವೆ ಜಾರುತ್ತದೆ, ಭಾರವೆಲ್ಲ ಅಂಗಾಲಿನ ಒಂದೇ ಬಿಂದುವಿಗೆ ಬೀಳುತ್ತದೆ. ತೆಂಗಿನ ನಾರಿನ ಹಗ್ಗ ಸುತ್ತಿದರೆ ಹಿಡಿತ ಚೆನ್ನಾಗಿದೆ, ಆದರೆ ಹಿಕ್ಕೆ ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ. ಆಗಾಗ ಬದಲಿಸುವ ಶಿಸ್ತಿದ್ದರೆ ಮಾತ್ರ ಬಳಸಿ. ಪ್ಲಾಸ್ಟಿಕ್ ಹುಲ್ಲುಹಾಸು ಸುತ್ತಿದ ಮರದ ಗೋಲು ಎಲ್ಲಕ್ಕಿಂತ ಉತ್ತಮ: ಭಾರ ಹಂಚಿಹೋಗುತ್ತದೆ, ಬ್ರಷ್ ಹಾಕಿ ತೊಳೆಯಬಹುದು. ಮೂರರಿಂದ ಐದು ಸೆಂ.ಮೀ. ದಪ್ಪದ ಬೇರೆ ಬೇರೆ ಗೋಲುಗಳನ್ನು ಬೇರೆ ಬೇರೆ ಎತ್ತರದಲ್ಲಿ ಕಟ್ಟಿ. ರೆಕ್ಕೆ ಮುರಿದ ಹಕ್ಕಿಗೆ ನೆಲದಿಂದ ಗೇಣೆತ್ತರ ಸಾಕು.

ಶುಚಿಗೆ ಬಿಳಿ ಫಿನಾಯಿಲ್ ತರುವ ಅಭ್ಯಾಸ ನಮ್ಮಲ್ಲಿ ಗಟ್ಟಿಯಾಗಿದೆ. ಅದರ ಘಾಟು ಹಕ್ಕಿಯ ಉಸಿರಿಗೆ ಕೆಟ್ಟದ್ದು. ಹಕ್ಕಿಯನ್ನು ಬೇರೆ ಕಡೆಗೆ ಸಾಗಿಸಿ, ಹಿಕ್ಕೆಯನ್ನು ಸಾಬೂನಿನಲ್ಲಿ ಉಜ್ಜಿ ತೆಗೆದು, ಆಮೇಲೆ ತೆಳುವಾದ ಬ್ಲೀಚ್ ನೀರು ಹಾಕಿ ಹತ್ತು ನಿಮಿಷ ಬಿಟ್ಟು ತೊಳೆದು ಒಣಗಿಸಬೇಕು. ಕೊಳೆಯ ಮೇಲೆಯೇ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಕೊಳೆಗೇ ಮುಗಿದುಹೋಗುತ್ತದೆ. ಮರಿಗಳನ್ನು ಬೆಚ್ಚಗಿಡುವ ಬಲ್ಬಿಗೆ ಟೆಫ್ಲಾನ್ ಲೇಪನವಿರಬಾರದು. ಕಾದ ಟೆಫ್ಲಾನಿನ ಹೊಗೆ ಹಕ್ಕಿಯನ್ನು ಕೊಲ್ಲುತ್ತದೆ.

ಮರಿಗೆ ಉಣಿಸಲು 20 ಸೆಂ.ಮೀ.ಗಿಂತ ಉದ್ದದ, ಮೊಂಡುತುದಿಯ ಸ್ಟೀಲ್ ಚಿಮಟ ಕೊಳ್ಳಿ. ಮೊನಚು ತುದಿ ಬಾಯೊಳಗೆ ಗಾಯ ಮಾಡುತ್ತದೆ. ಬರೀ ಮೆದುಮಾಂಸ ಹಾಕಿದರೆ ಸುಣ್ಣದಂಶ ಸಾಲದೆ ಕಾಲಿನ ಮೂಳೆ ಬಾಗುತ್ತದೆ, ಮೂಳೆ ಸಮೇತ ಜಜ್ಜಿ ಕೊಡಬೇಕು. ದೊಡ್ಡ ಹದ್ದಿಗೆ ದಿನಕ್ಕೆ ಸುಮಾರು 80ರಿಂದ 100 ಗ್ರಾಂ. ಆದರೆ ಬಡಕಲಾಗಿ ಬಂದ ಹಕ್ಕಿಗೆ ಮೊದಲು ಬೆಚ್ಚಗಿನ ದ್ರವ, ಮಾಂಸ ಆಮೇಲೆ, ಅದೂ ವೈದ್ಯರು ಹೇಳಿದಾಗ. ಮೊಸರನ್ನ, ಹಾಲು, ಬ್ರೆಡ್ ತಂದುಕೊಡುವವರ ಮನಸ್ಸು ಒಳ್ಳೆಯದೇ, ಆದರೆ ಹದ್ದಿಗೆ ಅದು ಆಹಾರವಲ್ಲ.

ಕೊನೆಗೆ ಒಂದು ಮೊಂಡುತುದಿಯ ಬ್ಯಾಂಡೇಜ್ ಕತ್ತರಿ, ಚಿಕ್ಕದಾದರೂ ಸದಾ ಚೀಲದಲ್ಲಿರಲಿ. ಮಾಂಜಾ ಸುತ್ತಿಕೊಂಡ ರೆಕ್ಕೆಯಿಂದ ದಾರವನ್ನು ಎಳೆದು ತೆಗೆಯಬೇಡಿ. ಭುಜದಿಂದ ಮಣಿಕಟ್ಟಿನವರೆಗೆ ಚಾಚಿದ ತೆಳುಪೊರೆಯೊಳಗೆ ಅದು ಗರಗಸದಂತೆ ಮತ್ತಷ್ಟು ಇಳಿಯುತ್ತದೆ, ಹಾರಲು ಬೇಕಾದ ಸ್ನಾಯುರಜ್ಜು ಇರುವುದೂ ಅಲ್ಲೇ. ಗಾಯದ ಎರಡೂ ಕಡೆ ನಾಲ್ಕು ಬೆರಳು ಬಿಟ್ಟು ದಾರ ಕತ್ತರಿಸಿ. ರೆಕ್ಕೆ ಮಡಚಿದಂತೆಯೇ ಪಾಣಿಪಂಚೆಯನ್ನು ಸಡಿಲವಾಗಿ ಸುತ್ತಿ; ಹಕ್ಕಿಗೆ ಉಸಿರಾಡಲು ಎದೆಮೂಳೆ ಏರಿಳಿಯಬೇಕು, ಅಲ್ಲಿ ಬಿಗಿ ಮಾಡಬಾರದು. ಪೆಟ್ಟಿಗೆಗಿಟ್ಟು, ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯಂಥ ಕಡೆಗೆ ಅಥವಾ ಅರಣ್ಯ ಇಲಾಖೆಗೆ ಅದೇ ದಿನ ತಲುಪಿಸಿ. ಉಳಿದ ದಾರವನ್ನು ವೈದ್ಯರೇ ತೆಗೆಯಲಿ.