ಉಂಗುರ ಚೆನ್ನಾಗಿದೆ, ಆದರೆ ನನ್ನ ಹಳೇ ಲೆಕ್ಕ ಯಾಕೆ ತಿದ್ದಿದಿರಿ?

ಸ್ಮಾರ್ಟ್ ರಿಂಗ್, ಅಂದರೆ ನಿದ್ದೆ, ಎದೆಬಡಿತ, ಮೈ ಬಿಸಿ ಅಳೆದು ಫೋನ್‌ನಲ್ಲಿ ತೋರಿಸುವ ಉಂಗುರ, ಹಾಕಿಕೊಳ್ಳಲು ಶುರು ಮಾಡಿ ಒಂದೂವರೆ ವರ್ಷ ದಾಟಿತು. ಹೆಜ್ಜೆ, ಬ್ಯಾಟರಿ, ನೀರು ತಾಗಿದರೆ ಏನಾಗುತ್ತದೆ ಅನ್ನುವುದನ್ನೆಲ್ಲ ನೀವು ಬೇಕಾದಷ್ಟು ವಿಡಿಯೋಗಳಲ್ಲಿ ನೋಡಿರುತ್ತೀರಿ. ನಾನು ಬರೆಯುತ್ತಿರುವುದು ಮೈ ಬಿಸಿಯ ಲೆಕ್ಕದ ಬಗ್ಗೆ ಮಾತ್ರ. ನಾನು ದುಡ್ಡು ಕೊಟ್ಟಿದ್ದೇ ಅದಕ್ಕೆ.

ನನಗೀಗ ನಲವತ್ತನಾಲ್ಕು. ಮುಟ್ಟು ಏರುಪೇರಾಗಿತ್ತು. ರಾತ್ರಿ ಇದ್ದಕ್ಕಿದ್ದಂತೆ ಮೈಯೆಲ್ಲ ಕಾದು, ಬೆವರಿ ಎಚ್ಚರವಾಗುತ್ತಿತ್ತು. 'ಕೆಲವು ತಿಂಗಳು ಟೆಂಪರೇಚರ್ ಬರೆದಿಡಿ, ನೋಡೋಣ' ಅಂದರು ಡಾಕ್ಟರ್. ಅಂಡ ಬಿಡುಗಡೆ ಆದ ಮೇಲೆ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಹೆಚ್ಚಾಗುತ್ತದೆ. ಆಗ ಮೈ ಬಿಸಿ ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿ, ಮುಂದಿನ ಮುಟ್ಟಿನ ಹೊತ್ತಿನ ತನಕ ಹಾಗೇ ಇರುತ್ತದೆ. ಅಂಡ ಬಿಡುಗಡೆ ಆಗದ ತಿಂಗಳಲ್ಲಿ ಈ ಏರಿಕೆ ಕಾಣುವುದಿಲ್ಲ. ನನ್ನ ವಯಸ್ಸಿನಲ್ಲಿ ಅಂಥ ತಿಂಗಳುಗಳು ಜಾಸ್ತಿ. ಜ್ವರವನ್ನು ನಾವು ನೂರು, ನೂರೊಂದು ಅಂತ ಫ್ಯಾರನ್‌ಹೀಟ್‌ನಲ್ಲಿ ಹೇಳುವವರು. ಅಲ್ಲಿ 0.4 ಸೆಲ್ಸಿಯಸ್ ಅಂದರೆ ಒಂದು ಡಿಗ್ರಿಯೂ ಆಗುವುದಿಲ್ಲ. ಅಷ್ಟು ಚಿಕ್ಕ ವ್ಯತ್ಯಾಸದ ಮೇಲೆ ಇಡೀ ವಿಷಯ ನಿಂತಿದೆ.

ಥರ್ಮಾಮೀಟರ್‌ನಲ್ಲಿ ನೋಡಬೇಕೆಂದರೆ ಹಾಸಿಗೆಯಿಂದ ಏಳುವ ಮೊದಲೇ, ದಿನಾ ಒಂದೇ ಹೊತ್ತಿಗೆ ನೋಡಬೇಕು. ಬೆಳಿಗ್ಗೆ ಹಾಲಿನವನು ಬೆಲ್ ಮಾಡುವ ಮನೆಯಲ್ಲಿ ಅದು ಕಷ್ಟ. ಉಂಗುರವಾದರೆ ನಿದ್ದೆಯಲ್ಲೇ ಅಳೆದಿಟ್ಟಿರುತ್ತದೆ. ಬೋನಸ್ ದುಡ್ಡಿನಲ್ಲಿ ತೆಗೆದುಕೊಂಡೆ. ಮೇಲೆ ಆ್ಯಪ್‌ಗೆ ತಿಂಗಳ ಚಂದಾ ಬೇರೆ.

ಮೊದಲ ಒಂದು ವರ್ಷ ನಿಜಕ್ಕೂ ಖುಷಿ ಕೊಟ್ಟಿತು. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಫೋನ್ ತೆಗೆದು ರಾತ್ರಿಯ ಅಂಕಿ ನೋಡುವುದು, ಅದನ್ನು ಫ್ರಿಜ್ ಮೇಲಿನ ಡೈರಿಯಲ್ಲಿ ಬರೆಯುವುದು, ಪಕ್ಕದಲ್ಲೇ 'ತಡವಾಗಿ ಊಟ', 'ದಪ್ಪ ರಗ್ಗು' ಅಂತ ಒಂದು ಮಾತು ಸೇರಿಸುವುದು. ಅಕ್ಕಿ ರೊಟ್ಟಿ ಹಿಟ್ಟು ನಾದುವಾಗ ಉಂಗುರ ತೆಗೆದು ಒಗ್ಗರಣೆ ಡಬ್ಬಿ ಪಕ್ಕದ ಪುಟ್ಟ ಸ್ಟೀಲ್ ಬಟ್ಟಲಿಗೆ ಹಾಕುತ್ತಿದ್ದೆ. ಸ್ನಾನ, ಪೂಜೆ ಮುಗಿಯುವ ಹೊತ್ತಿಗೆ ಚಾರ್ಜ್ ಆಗಿರುತ್ತಿತ್ತು. ರಾಯಚೂರಿನಲ್ಲಿ ಅವ್ವ ನನ್ನ ಬೆರಳು ಹಿಡಿದು ತಿರುಗಿಸಿ ನೋಡಿ, 'ಇದೇನವ್ವಾ, ಬಂಗಾರಾನೂ ಅಲ್ಲ, ಬೆಳ್ಳೀನೂ ಅಲ್ಲ' ಅಂದಿದ್ದಳು. ಕೆಲವು ತಿಂಗಳಲ್ಲಿ ಗೆರೆ ಚೆನ್ನಾಗಿ ಮೇಲೇರಿ ನಿಲ್ಲುತ್ತಿತ್ತು, ಕೆಲವು ತಿಂಗಳು ಏರುತ್ತಲೇ ಇರಲಿಲ್ಲ. ನನ್ನ ಮೈಯೊಳಗೆ ಏನು ನಡೆಯುತ್ತಿದೆ ಎಂದು ಮೊದಲ ಸಲ ಕಣ್ಣಿಗೆ ಕಂಡಿತ್ತು.

ಆಮೇಲೆ ಆ ಅಪ್‌ಡೇಟ್ ಬಂತು. ನನ್ನನ್ನು ಕೇಳಲಿಲ್ಲ, ರಾತ್ರಿ ತಾನಾಗಿಯೇ ಇನ್‌ಸ್ಟಾಲ್ ಆಗಿತ್ತು. 'ತಾಪಮಾನದ ನಿಖರತೆ ಹೆಚ್ಚಿಸಲಾಗಿದೆ' ಅಂತ ಒಂದೇ ಸಾಲು. ಅವತ್ತಿನಿಂದ ಮುಂದಕ್ಕೆ ಅಂಕಿ ಬದಲಾಗಿದ್ದರೆ ಸುಮ್ಮನಿರುತ್ತಿದ್ದೆ. ಹಿಂದಿನ ತಿಂಗಳುಗಳೂ ಬದಲಾಗಿದ್ದವು! ಯುಗಾದಿ ಮಾರನೇ ದಿನ ಡೈರಿಯಲ್ಲಿ +0.41 ಇದೆ, ಆ್ಯಪ್ ಈಗ +0.19 ಅನ್ನುತ್ತದೆ. ಆ ವಾರವಿಡೀ ಹೀಗೇ. ಏರಿದ್ದ ಗೆರೆ ಚಪ್ಪಟೆಯಾಗಿದೆ.

ಕಾರಣ ಊಹಿಸಬಹುದು. ಈ ಉಂಗುರ ತೋರಿಸುವುದು ಬೆರಳಿನ ಚರ್ಮದ ಬಿಸಿಯಿಂದ ತೆಗೆದ ವ್ಯತ್ಯಾಸ. ನಮ್ಮದೇ ಹಿಂದಿನ ವಾರಗಳ ಸರಾಸರಿ ಹಿಡಿದು, ಅದಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಹೇಳುತ್ತದೆ. ಸರಾಸರಿ ತೆಗೆಯುವ ರೀತಿ ಬದಲಿಸಿದರೆ, ಸೆನ್ಸರ್ ಓದಿದ್ದು ಅದೇ ಆಗಿದ್ದರೂ ಎಲ್ಲ ಅಂಕಿ ಜರುಗುತ್ತವೆ. ಹೊಸ ಲೆಕ್ಕ ಕೆಲವು ಕಡೆ ಮೇಲು ಅಂತಲೂ ಒಪ್ಪುತ್ತೇನೆ. ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಕರೆಂಟ್ ಹೋದ ರಾತ್ರಿಗಳಲ್ಲಿ ಹಳೇ ಆ್ಯಪ್ ನನಗೆ ಜ್ವರವೇ ಬಂದಂತೆ ತೋರಿಸಿತ್ತು. ಚರ್ಮದ ಬಿಸಿ ಕೋಣೆಯ ಸೆಕೆಗೂ ಏರುತ್ತದಲ್ವಾ? ಈಗ ಅದನ್ನು ತಗ್ಗಿಸಿದ್ದಾರೆ. ಆದರೆ ಸೆಕೆಯ ಏರಿಕೆ ಒರೆಸಲು ಹೋಗಿ ನನಗೆ ಬೇಕಾದ ಏರಿಕೆಯನ್ನೂ ಒರೆಸಿದ್ದಾರೆ.

ಲ್ಯಾಬ್‌ನವರು ಥೈರಾಯ್ಡ್ ಟೆಸ್ಟ್ ಮಾಡುವ ಮಷಿನ್ ಬದಲಿಸಿದರೆ, ನಮ್ಮ ಮನೆಗೆ ಬಂದು ಹಳೇ ರಿಪೋರ್ಟ್ ತಿದ್ದುತ್ತಾರಾ? ಯಾವ ವಿಧಾನದಲ್ಲಿ ಅಳೆದದ್ದು ಅಂತ ರಿಪೋರ್ಟ್‌ನಲ್ಲೇ ಇರುತ್ತದೆ. ಇಲ್ಲಿ ಗ್ರಾಫ್ ಮೇಲೆ 'ಇಲ್ಲಿಂದ ಹೊಸ ಲೆಕ್ಕ' ಅಂತ ಒಂದು ಗೀಟು ಹಾಕಿದ್ದರೂ ಸಾಕಿತ್ತು.

ಇದು ಬರೀ ಹಟ ಅಲ್ಲ. ಹಿಂದಿನ ಸಲ ಪ್ರಿಂಟ್ ತೆಗೆದುಕೊಂಡು ಹೋಗಿದ್ದ ಗ್ರಾಫ್ ನೋಡಿ ಡಾಕ್ಟರ್ ಯಾವ ಯಾವ ತಿಂಗಳು ಅಂಡ ಬಿಡುಗಡೆ ಆಗಿರಬಹುದು ಅಂತ ಗುರುತು ಹಾಕಿದ್ದರು. ಈ ಸಲ ಅದೇ ತಿಂಗಳುಗಳನ್ನು ಫೋನ್‌ನಲ್ಲಿ ನೋಡಿ, 'ಎರಡರಲ್ಲಿ ಯಾವುದನ್ನು ನಂಬೋಣ ಹೇಳಿ' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಸ್ಟಮರ್ ಕೇರ್‌ಗೆ ಬರೆದೆ. ಹೊಸ ಅಲ್ಗಾರಿದಂ, ಅಂದರೆ ಲೆಕ್ಕ ಹಾಕುವ ಹೊಸ ವಿಧಾನ, ಹೆಚ್ಚು ನಿಖರ ಅಂತ ಉತ್ತರ. ಹಾಗಾದರೆ ಸೆನ್ಸರ್ ಓದಿದ ಮೂಲ ಅಂಕಿಗಳನ್ನು ಕೊಡಿ ಅಂದೆ. ಮತ್ತೆ ಅದೇ ಉತ್ತರ. ಮುಂಚೆ ಡೌನ್‌ಲೋಡ್ ಮಾಡಿದರೆ ಸಿಗುತ್ತಿದ್ದ ಫೈಲ್‌ನಲ್ಲೂ ಈಗ ವ್ಯತ್ಯಾಸದ ಕಾಲಂ ಒಂದೇ ಉಳಿದಿದೆ. ಬೆರಳು ನನ್ನದು, ಬಿಸಿ ನನ್ನದು, ಅಂಕಿ ಮಾತ್ರ ನನಗೆ ಕೊಡುವುದಿಲ್ಲ!

ಉಂಗುರ ತೆಗೆದಿಟ್ಟಿಲ್ಲ. ನಿದ್ದೆ ಎಷ್ಟಾಯಿತು, ಎದೆಬಡಿತ ಹೇಗಿತ್ತು ಅನ್ನುವುದು ಈಗಲೂ ಚೆನ್ನಾಗಿ ಸಿಗುತ್ತದೆ. ಬೆರಳಿಗೆ ಒಂದು ಗೀರೂ ಆಗಿಲ್ಲ. ಆದರೆ ಚಂದಾ ಮುಂದುವರಿಸುವುದಿಲ್ಲ. ದಶಮಾಂಶದ ನಂತರ ಎರಡು ಅಂಕಿ ತೋರಿಸುವ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಕ್ಕಿತು. ಈಗ ದಿಂಬಿನ ಪಕ್ಕ ಅದಿದೆ, ಹಾಲಿನವನಿಗೆ ಅರ್ಧ ಗಂಟೆ ತಡವಾಗಿ ಬರಲು ಹೇಳಿದ್ದೇನೆ.

ನಿದ್ದೆ, ನಡಿಗೆಗೆ ಬೇಕು ಅನ್ನುವವರು ತೆಗೆದುಕೊಳ್ಳಿ. ಮುಟ್ಟಿನ ಲೆಕ್ಕಕ್ಕೆ ಅಂತ ತೆಗೆದುಕೊಂಡರೆ, ಪ್ರತಿ ತಿಂಗಳ ಕೊನೆಗೆ ಫೈಲ್ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ, ಗ್ರಾಫ್‌ನ ಸ್ಕ್ರೀನ್‌ಶಾಟ್ ಕೂಡ ತೆಗೆಯಿರಿ, ಆಟೋ ಅಪ್‌ಡೇಟ್ ಆಫ್ ಮಾಡಿ. ನನ್ನಿಂದ ಎರಡು ಸ್ಟಾರ್. ಹಳೇ ಅಂಕಿ ವಾಪಸ್ ಕೊಟ್ಟರೆ ನಾಲ್ಕು ಮಾಡುತ್ತೇನೆ.