‘ಸ್ಕಿನ್ ಕಲರ್’ ಟ್ಯೂಬ್ ಹಿಡಿಸಿ ಭಾವಚಿತ್ರ ಕಲಿಸುವವರಿದ್ದಾರೆ, ಹುಷಾರು

ಶಿರಸಿಯಲ್ಲಿ ಅಕ್ರಿಲಿಕ್ ಅನ್ನುವ ನೀರಲ್ಲಿ ಕಲಸುವ ಬಣ್ಣದಲ್ಲಿ ಭಾವಚಿತ್ರ ಬರೆಯಲು ಕಲಿಸುವ ಎರಡು ದಿನದ ಕ್ಲಾಸಿಗೆ 2,500 ರೂಪಾಯಿ ಕೊಟ್ಟೆ. ದುಡ್ಡು ಹೋಗಿದ್ದಕ್ಕಿಂತ ಅಮ್ಮಮ್ಮನ ವರ್ಷಾಂತಕ್ಕೆಂದು ಬರೆದ ಚಿತ್ರ ಹಾಳಾಗಿದ್ದೇ ಜಾಸ್ತಿ ಬೇಜಾರು. ಯಾವ ಕ್ಲಾಸು ಅಂತ ಹೇಳುವುದಿಲ್ಲ. ಏನು ತಪ್ಪಾಯಿತು ಅಂತ ಹೇಳುತ್ತೇನೆ.

ಅಲ್ಲಿ ಕೊಟ್ಟಿದ್ದು ಒಂದು ‘ಸ್ಕಿನ್ ಕಲರ್’ ಟ್ಯೂಬು. ಬೆಳಕಿಗೆ ಬಿಳಿ ಸೇರಿಸಿ, ನೆರಳಿಗೆ ಕಪ್ಪು ಸೇರಿಸಿ ಅಂದರು, ಅಷ್ಟೇ. ಟ್ಯೂಬಿನದು ತಿಳಿ ಗುಲಾಬಿ. ಅಮ್ಮಮ್ಮನದು ತೋಟ ಸುತ್ತಿ ಮಾಗಿದ ಎಣ್ಣೆಗೆಂಪು ಮೈಬಣ್ಣ. ಕಪ್ಪು ತಾಗಿದ ಕೂಡಲೇ ಕೆನ್ನೆ ಬೂದಿಯ ಹಾಗಾಯಿತು. ಕೇಳಿದರೆ, "ಒಣಗಿದ ಮೇಲೆ ಸರಿಹೋಗುತ್ತೆ" ಅಂದರು.

ಸರಿಹೋಗಲಿಲ್ಲ, ಇನ್ನೂ ಕಪ್ಪಾಯಿತು. ಅಕ್ರಿಲಿಕ್‌ನಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟು ಹಸಿಯಾಗಿದ್ದಾಗ ಹಾಲಿನಂತೆ ಬೆಳ್ಳಗಿರುತ್ತದೆ. ಒಣಗಿದಾಗ ಗಾಜಿನಂತೆ ಪಾರದರ್ಶಕವಾಗುತ್ತದೆ. ಆ ಬಿಳುಪು ಹೋದಷ್ಟೂ ಬಣ್ಣ ಗಾಢವಾಗುತ್ತದೆ. ಇದನ್ನು ಮೊದಲ ದಿನವೇ ಹೇಳಬೇಕಿತ್ತು, ಅಲ್ವಾ? ಗೊತ್ತಿಲ್ಲದೆ ಹಸಿ ಬಣ್ಣವನ್ನು ಒಣಗಿದ್ದಕ್ಕೆ ಹೋಲಿಸಿ ತೇಪೆ ಹಚ್ಚುತ್ತಾ ಹೋದೆ. ಹಣೆಯ ಮೇಲೆ ನಾಲ್ಕು ಕಡೆ ಕಲೆ ಎದ್ದವು. ಆಯಿ ನೋಡಿ, "ಅಮ್ಮಮ್ಮಂಗೆ ಜ್ವರ ಬಂದಾಂಗೆ ಕಾಣ್ತು" ಅಂತ ಹೇಳಿ ಒಳಗೆ ಹೋದಳು.

ಮಾರಿಕಾಂಬಾ ದೇವಸ್ಥಾನದ ಗೋಡೆಯಲ್ಲಿ ಕಾವಿ ಚಿತ್ರ ನೋಡಿದ್ದೀರಲ್ಲ, ಆ ಕೆಮ್ಮಣ್ಣಿನ ಕೆಂಪು? ಟ್ಯೂಬಿನಲ್ಲಿ ಸಿಗುವ ಬರ್ನ್ಟ್ ಸಿಯೆನಾ ಅನ್ನುವ ಕೆಂಗಂದು ಬಣ್ಣ ಅದರದೇ ಜಾತಿ. ಎರಡಕ್ಕೂ ಬಣ್ಣ ಕೊಡುವುದು ಮಣ್ಣಿನಲ್ಲಿರುವ ಕಬ್ಬಿಣ. ನಮ್ಮ ಮೈಬಣ್ಣ ಅಲ್ಲಿಂದಲೇ ಶುರುವಾಗಬೇಕು. ಅದಕ್ಕೆ ಯೆಲ್ಲೋ ಓಕರ್ ಅನ್ನುವ ಮಣ್ಣಿನ ಹಳದಿ, ಟೈಟಾನಿಯಂ ವೈಟ್ ಅನ್ನುವ ಬಿಳಿ, ತುಟಿ ಕೆನ್ನೆಗೆ ಚೂರು ಕೆಂಪು. ನೆರಳಿಗೆ ಕಪ್ಪು ಬೇಡ. ಬರ್ನ್ಟ್ ಸಿಯೆನಾಕ್ಕೆ ಸ್ವಲ್ಪ ಸ್ವಲ್ಪವೇ ಅಲ್ಟ್ರಾಮರೀನ್ ನೀಲಿ ಬೆರೆಸಿ. ಗಾಢವಾಗುತ್ತದೆ, ಆದರೂ ಜೀವ ಇರುತ್ತದೆ. ಪ್ರತಿ ಮಿಶ್ರಣವನ್ನೂ ಮೊದಲು ಕಾಗದದ ಪಟ್ಟಿಗೆ ಹಚ್ಚಿ, ಒಣಗಿಸಿ, ಆಮೇಲೆ ಕ್ಯಾನ್ವಾಸ್ ಮುಟ್ಟಿ. ಒಣಗಿದಾಗ ಗಾಢವಾಗುವುದರಿಂದ, ಬೇಕಾದ್ದಕ್ಕಿಂತ ತುಸು ತಿಳಿ ಬಣ್ಣವನ್ನೇ ಕಲಸಿ. ಬಣ್ಣ ತೆಳು ಮಾಡಲು ಸುಮ್ನೆ ನೀರು ಸುರಿಯಬೇಡಿ. ನೀರು ಹೆಚ್ಚಾದರೆ ಅಂಟಿನ ಹಿಡಿತ ಹೋಗುತ್ತದೆ. ನನ್ನ ಚಿತ್ರದಲ್ಲಿ ಎರಡನೇ ಕೋಟ್ ಹಚ್ಚುವಾಗ ಕೆಳಗಿನ ಬಣ್ಣವೇ ಬ್ರಷ್‌ಗೆ ಎದ್ದು ಬಂತು.

ಇನ್ನೊಂದು, ಆಷಾಢದ ಜಡಿಮಳೆಯಲ್ಲಿ ವಾರ್ನಿಶ್ ಹೊಡೆಯಿರಿ ಅಂದರೆ ಒಪ್ಪಬೇಡಿ. ಆ ತೇವಕ್ಕೆ ನನ್ನ ಚಿತ್ರದ ಮೇಲೆ ಮಂಜು ಕವಿದ ಹಾಗಾಯಿತು. ಎಷ್ಟು ಒರೆಸಿದರೂ ಹೋಗಲಿಲ್ಲ.

ಫೀ ಕಟ್ಟುವ ಮೊದಲು ಒಂದೇ ಮಾತು ಕೇಳಿ: "ಕೆನ್ನೆಯ ನೆರಳಿಗೆ ಏನು ಬೆರೆಸ್ತೀರಿ?" ಕಪ್ಪು ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ.